ರದ್ದಿಯಲ್ಲಿ ಚರಿತ್ರೆ ಕಾಣುವ ಕಣ್ಣು

ಕಂಪ್ಯೂಟರಿನ ಆರಂಭಕಾಲದ ಅಪರೂಪದ ಪುಸ್ತಕಗಳನ್ನು ಕೂಡಿಡಬೇಕೆಂಬ ಆಸೆ ನಿನಗೆ ಹುಟ್ಟಿದೆ ಎಂದು ತಿಳಿದು ನನಗೆ ತುಂಬ ಸಂತೋಷವಾಯಿತು. ಬೆಳಗಿನಿಂದ ರಾತ್ರಿಯವರೆಗೆ ಕಂಪ್ಯೂಟರಿನ ಮುಂದೆ ಕೂತು ದುಡಿಯುವವರು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆ ಯಂತ್ರ ಎಲ್ಲಿಂದ ಬಂತು, ಅದನ್ನು ಮೊದಲು ಊಹಿಸಿದವರು ಯಾರು, ಆ ಊಹೆ ಯಾವ ಕಾಗದದ ಮೇಲೆ ಅಚ್ಚಾಯಿತು ಎಂದು ಕೇಳುವವರು ಬೆರಳೆಣಿಕೆಯಷ್ಟು. ಈ ಹಾದಿಯಲ್ಲಿ ಬಹುಕಾಲ ನಡೆದವನಾಗಿ ನಿನಗೆ ಕೆಲವು ಮಾತು ಹೇಳಬೇಕೆನಿಸಿದೆ. ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸಂಗ್ರಹಕ್ಕೆ ನಿಜವಾದ ಬಂಡವಾಳ ತಿಳಿವಳಿಕೆ. ಹಣ ಆಮೇಲಿನದು. ತಿಳಿದವನಿಗೆ ರದ್ದಿಯ ರಾಶಿಯಲ್ಲೂ ಚರಿತ್ರೆ ಸಿಗುತ್ತದೆ. ತಿಳಿಯದವನು ಲಕ್ಷ ರೂಪಾಯಿ ಹಿಡಿದು ಹೋದರೂ ಚಂದದ ರಟ್ಟು ಕೊಂಡು ಬರುತ್ತಾನೆ.

ಹಳೆಯ ಕಾಗದ ಕೂಡಿಟ್ಟು ಏನು ಸಾಧಿಸುತ್ತೀಯ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಾಗಿಟ್ಟುಕೋ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರವಾದ ಎರಡನೇ ಡಿಫರೆನ್ಸ್ ಎಂಜಿನ್ನಿನ ನಕ್ಷೆಗಳನ್ನು 1847ರಿಂದ 1849ರ ನಡುವೆ ಬರೆದ. ಅವನ ಜೀವಮಾನದಲ್ಲಿ ಆ ಯಂತ್ರ ನಿರ್ಮಾಣವಾಗಲೇ ಇಲ್ಲ. ಆದರೆ ನಕ್ಷೆಗಳು ಉಳಿದವು. ಅವನ್ನೇ ಹಿಡಿದು ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು 1991ರಲ್ಲಿ, ಬ್ಯಾಬೇಜ್ ಹುಟ್ಟಿದ ಇನ್ನೂರನೇ ವರ್ಷಕ್ಕೆ, ಯಂತ್ರದ ಲೆಕ್ಕ ಮಾಡುವ ಭಾಗವನ್ನು ಕಟ್ಟಿ ಮುಗಿಸಿದರು. ಅದು ತಪ್ಪಿಲ್ಲದೆ ಲೆಕ್ಕ ಮಾಡಿತು. 2002ರಲ್ಲಿ ಅದರ ಮುದ್ರಣದ ಭಾಗವೂ ಸಿದ್ಧವಾಯಿತು. ‘ಆಗದ ಕನಸು’ ಎಂದು ಜನ ಬದಿಗಿಟ್ಟಿದ್ದು ಆಗುವ ಕೆಲಸವೇ ಆಗಿತ್ತು ಎಂದು ಸಾಬೀತಾಗಲು ನೂರನಲವತ್ತು ವರ್ಷ ಹಿಡಿಯಿತು, ಕಾಗದ ಉಳಿದಿದ್ದರಿಂದಲೇ ಸಾಬೀತಾಯಿತು.

ಇನ್ನೊಂದು ನಿದರ್ಶನ ನಿನ್ನ ವಯಸ್ಸಿನವರದೇ. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ಎಡ್ಸ್ಯಾಕ್ ಯಂತ್ರ 1949ರ ಮೇ 6ರಂದು ಮೊದಲ ಪ್ರೋಗ್ರಾಂ ನಡೆಸಿತು, 1958ರಲ್ಲಿ ಅದನ್ನು ಕಳಚಿ ಹಾಕಿದರು. ಮರುವರ್ಷ ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ತರುಣ ಎಂಜಿನಿಯರ್, ಕಸಕ್ಕೆ ಹೊರಟಿದ್ದ ನಕ್ಷೆಗಳ ಕಟ್ಟೊಂದನ್ನು ಕಂಡು ಎತ್ತಿಟ್ಟುಕೊಂಡ. ಅರ್ಧ ಶತಮಾನ ದಾಟಿದ ಮೇಲೆ, ಬ್ಲೆಚ್ಲಿ ಪಾರ್ಕ್‌ನ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಎಡ್ಸ್ಯಾಕ್‌ನ ಪ್ರತಿಕೃತಿ ಕಟ್ಟುತ್ತಿದ್ದವರ ಕೈಗೆ ಆ 19 ನಕ್ಷೆಗಳು ಸೇರಿದವು. ಅಲ್ಲಿಯವರೆಗೆ ಅವರು ಹಳೆಯ ಫೋಟೋಗಳನ್ನು ನೋಡಿ ಊಹೆಯ ಮೇಲೆ ಸರ್ಕ್ಯೂಟ್ ಜೋಡಿಸುತ್ತಿದ್ದರು. ಆ ತರುಣನ ಜೇಬಿನಿಂದ ಅಂದು ಒಂದು ಪೈಸೆಯೂ ಖರ್ಚಾಗಲಿಲ್ಲ. ಕಣ್ಣೆದುರು ಹೋಗುತ್ತಿರುವುದು ಏನೆಂದು ಅವನಿಗೆ ಗೊತ್ತಿತ್ತು, ಅಷ್ಟೇ.

ಹಾಗಾಗಿ ಮೊದಲು ಓದು. ಹರ್ಮನ್ ಗೋಲ್ಡ್‌ಸ್ಟೈನ್ 1972ರಲ್ಲಿ ಬರೆದ ‘ದಿ ಕಂಪ್ಯೂಟರ್ ಫ್ರಂ ಪ್ಯಾಸ್ಕಲ್ ಟು ವಾನ್ ನಾಯ್ಮನ್’ ಓದು. ಬ್ರಯಾನ್ ರ‍್ಯಾಂಡೆಲ್ 1973ರಲ್ಲಿ ಸಂಪಾದಿಸಿದ ‘ದಿ ಒರಿಜಿನ್ಸ್ ಆಫ್ ಡಿಜಿಟಲ್ ಕಂಪ್ಯೂಟರ್ಸ್’ ಓದು. ಮೂಲ ಲೇಖನಗಳೇ ಅದರಲ್ಲಿ ಒಟ್ಟಿಗೆ ಸಿಗುತ್ತವೆ. ಡಯಾನಾ ಹುಕ್ ಮತ್ತು ಜೆರೆಮಿ ನಾರ್ಮನ್ 2002ರಲ್ಲಿ ತಂದ ‘ಒರಿಜಿನ್ಸ್ ಆಫ್ ಸೈಬರ್‌ಸ್ಪೇಸ್’ ಒಂದು ದೊಡ್ಡ ಸಂಗ್ರಹದ ವಿವರಪಟ್ಟಿ. ಯಾವ ಪುಸ್ತಕ ಎಲ್ಲಿ ಅಚ್ಚಾಯಿತು, ಎಷ್ಟು ಪುಟ, ಮೊದಲ ಮುದ್ರಣದ ಗುರುತೇನು, ಅದು ಏಕೆ ಮುಖ್ಯ ಎಂದು ಅದರಿಂದ ಕಲಿಯಬಹುದು. ಈ ಮೂರನ್ನು ಅರಗಿಸಿಕೊಳ್ಳುವವರೆಗೆ ಹರಾಜಿನ ಕಡೆ ತಲೆ ಹಾಕಬೇಡ.

ಓದುತ್ತ ಹೋದಂತೆ ನಿನಗೇ ಒಂದು ಸಂಗತಿ ಹೊಳೆಯುತ್ತದೆ. ಈ ಚರಿತ್ರೆಯ ಮಹತ್ವದ ಬರಹಗಳು ಚರ್ಮದ ರಟ್ಟಿನ, ಚಿನ್ನದ ಅಂಚಿನ ಗ್ರಂಥಗಳಾಗಿ ಬಂದವಲ್ಲ. ಬಂದದ್ದು ತೆಳು ಕಾಗದದಲ್ಲಿ: ಪತ್ರಿಕೆಯ ಒಂದು ಲೇಖನ, ಆ ಲೇಖನವನ್ನಷ್ಟೇ ಬೇರೆಯಾಗಿ ಅಚ್ಚು ಹಾಕಿದ ಬಿಡಿಪ್ರತಿ, ಸೈಕ್ಲೋಸ್ಟೈಲ್ ಮಾಡಿದ ವರದಿ, ಯಂತ್ರದ ಜೊತೆ ಕೊಟ್ಟ ಕೈಪಿಡಿ. ನೋಡಿದರೆ ಏನೂ ಅನ್ನಿಸುವುದಿಲ್ಲ. ಆದ್ದರಿಂದಲೇ ಹೆಚ್ಚಿನವು ಒಲೆಗೂ ರದ್ದಿಗೂ ಹೋದವು.

ಏಡಾ ಲವ್‌ಲೇಸ್ ಬರೆದ ಟಿಪ್ಪಣಿಗಳನ್ನೇ ತೆಗೆದುಕೋ. ಬ್ಯಾಬೇಜನ ಅನಲಿಟಿಕಲ್ ಎಂಜಿನ್ ಕುರಿತು ಇಟಲಿಯ ಲುಯಿಜಿ ಮೆನಬ್ರಿಯಾ 1842ರಲ್ಲಿ ಫ್ರೆಂಚ್‌ನಲ್ಲಿ ಒಂದು ಲೇಖನ ಬರೆದ. ಮುಂದೆ ಅವನು ಇಟಲಿಯ ಪ್ರಧಾನಿಯೂ ಆದ. ಲೇಖನವನ್ನು ಏಡಾ ಇಂಗ್ಲಿಷಿಗೆ ತಂದು, ಮೂಲಕ್ಕಿಂತ ದೀರ್ಘವಾದ ಟಿಪ್ಪಣಿಗಳನ್ನು ತಾನೇ ಸೇರಿಸಿದಳು. 1843ರಲ್ಲಿ ಅದು ‘ಟೇಲರ್ಸ್ ಸೈಂಟಿಫಿಕ್ ಮೆಮಾಯರ್ಸ್’ನ ಮೂರನೇ ಸಂಪುಟದಲ್ಲಿ ಬಂತು. ಹೆಸರಿನ ಜಾಗದಲ್ಲಿ ಇದ್ದದ್ದು ಎ.ಎ.ಎಲ್. ಎಂಬ ಮೂರಕ್ಷರ ಮಾತ್ರ. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಯಂತ್ರದಿಂದ ಲೆಕ್ಕ ಹಾಕಿಸುವ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಕೋಷ್ಟಕವಿದೆ, ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿ ಒಳಗಿಟ್ಟದ್ದು. ಮೊದಲ ಪ್ರೋಗ್ರಾಂ ಎಂದು ಜನ ಕರೆಯುವುದು ಅದನ್ನೇ. ಇಂಥ ಸಂಪುಟ ಎಂದಾದರೂ ನಿನ್ನ ಕೈಗೆ ಬಂದರೆ ರಟ್ಟನ್ನು ಆಮೇಲೆ ನೋಡು. ಮೊದಲು ಆ ಮಡಚಿದ ಹಾಳೆ ಇದೆಯೇ, ಮಡಿಕೆಯ ಗೆರೆಯಲ್ಲಿ ಹರಿದಿದೆಯೇ, ಹರಿದದ್ದಕ್ಕೆ ಯಾರಾದರೂ ಟೇಪು ಅಂಟಿಸಿದ್ದಾರೆಯೇ ನೋಡು. ಅದೇ ಲೇಖನದ ಬಿಡಿಪ್ರತಿಯೊಂದು 2018ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಹರಾಜಿನಲ್ಲಿ 95,000 ಪೌಂಡಿಗೆ ಹೋಯಿತು. ನಿನಗೂ ನನಗೂ ಅದು ಎಟುಕುವ ಮಾತಲ್ಲ. ಆದರೆ ಏನನ್ನು ನೋಡಬೇಕೆಂದು ಕಲಿಯುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

1945ರ ಜೂನ್ 30ರ ತಾರೀಖು ಹೊತ್ತ ‘ಫಸ್ಟ್ ಡ್ರಾಫ್ಟ್ ಆಫ್ ಎ ರಿಪೋರ್ಟ್ ಆನ್ ದಿ ಎಡ್ವ್ಯಾಕ್’ 101 ಪುಟಗಳ ಸೈಕ್ಲೋಸ್ಟೈಲ್ ವರದಿ. ಆದೇಶಗಳನ್ನೂ ಅಂಕಿಗಳನ್ನೂ ಒಂದೇ ಸ್ಮೃತಿಯಲ್ಲಿ ಇಡುವ ವಿನ್ಯಾಸ, ಅಂದರೆ ಇಂದು ನೀನು ಮುಟ್ಟುವ ಪ್ರತಿಯೊಂದು ಕಂಪ್ಯೂಟರಿನ ಒಳರಚನೆ, ಸ್ಪಷ್ಟವಾಗಿ ಬರಹಕ್ಕೆ ಇಳಿದದ್ದು ಅದರಲ್ಲಿ. ಹೆಸರೇ ಹೇಳುವಂತೆ ಅದು ಕರಡು. ಆಮೇಲೆ ತುಂಬೋಣವೆಂದು ಬಿಟ್ಟ ಖಾಲಿ ಜಾಗಗಳು ಹಾಗೇ ಉಳಿದಿವೆ. ಮುಖಪುಟದಲ್ಲಿರುವುದು ಜಾನ್ ವಾನ್ ನಾಯ್ಮನ್ ಒಬ್ಬರ ಹೆಸರು. ಎಡ್ವ್ಯಾಕ್ ಯಂತ್ರದ ಯೋಜನೆಯಲ್ಲಿ ದುಡಿದ ಎಕರ್ಟ್ ಮತ್ತು ಮಾಕ್ಲಿಯವರ ಹೆಸರು ಇಲ್ಲ. ಅದನ್ನು ಹಂಚಿದವರು ಗೋಲ್ಡ್‌ಸ್ಟೈನ್. ಮುಂದೆ 1973ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಎಕರ್ಟ್ ಮತ್ತು ಮಾಕ್ಲಿಯವರ ಎನಿಯಾಕ್ ಯಂತ್ರದ ಪೇಟೆಂಟನ್ನು ರದ್ದು ಮಾಡಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ವರದಿಯ ಹಂಚಿಕೆಯೂ ಒಂದು. ಪೇಟೆಂಟ್ ಅರ್ಜಿಗೆ ವರ್ಷಕ್ಕೂ ಮುಂಚೆ ವಿಷಯ ಪ್ರಕಟವಾಗಿಬಿಟ್ಟಿತ್ತು ಎಂದು ತೀರ್ಪಾಯಿತು. ಯಾರ ಹೆಸರು ಇದೆ, ಯಾರ ಹೆಸರು ಬಿಟ್ಟಿದೆ, ಎಂದು ಹಂಚಿದರು ಎಂಬ ಮೂರು ವಿವರಗಳಲ್ಲಿ ಒಂದು ಯುಗದ ಜಗಳವೇ ಅಡಗಿದೆ. ಕಾಗದವನ್ನು ಹೀಗೆ ಓದಲು ಕಲಿ.

ಗಣಿತಜ್ಞ ಆಲನ್ ಟ್ಯೂರಿಂಗ್‌ನ ಪ್ರಸಂಗವಂತೂ ತೀರ ಇತ್ತೀಚಿನದು. ಅವನ ಲೇಖನಗಳ ಬಿಡಿಪ್ರತಿಗಳನ್ನು ತಾಯಿ ಈಥೆಲ್, ಮಗನ ಗೆಳೆಯನಾಗಿದ್ದ ಗಣಿತಜ್ಞ ನಾರ್ಮನ್ ರೌಟ್ಲೆಜ್‌ಗೆ ಕೊಟ್ಟಿದ್ದಳು. ಆತ ತೀರಿಕೊಂಡ ಮೇಲೆ ಅವು ನೆಂಟರ ಮನೆಯ ಅಟ್ಟ ಸೇರಿದವು. ಮನೆ ಖಾಲಿ ಮಾಡುವಾಗ ಕತ್ತರಿಸುವ ಯಂತ್ರಕ್ಕೆ ಹಾಕಿಬಿಡುವ ಯೋಚನೆಯೂ ನಡೆದಿತ್ತು. ಯಾರೋ ಒಮ್ಮೆ ತೋರಿಸಿ ನೋಡೋಣ ಅಂದರು, ಉಳಿದವು. 2025ರ ಜೂನ್‌ನಲ್ಲಿ ಲಿಚ್‌ಫೀಲ್ಡ್‌ನಲ್ಲಿ ಹರಾಜಾದಾಗ ಒಟ್ಟು ನಾಲ್ಕೂವರೆ ಲಕ್ಷ ಪೌಂಡಿಗೂ ಹೆಚ್ಚು ಬಂತು. 1936ರ ‘ಆನ್ ಕಂಪ್ಯೂಟಬಲ್ ನಂಬರ್ಸ್’ ಒಂದಕ್ಕೇ ಎರಡು ಲಕ್ಷ ದಾಟಿತು. ಆ ಮೊತ್ತ ಕೇಳಿ ಮರುಳಾಗಬೇಡ. ಕತ್ತರಿಯ ಬಾಯಿಗೂ ಆ ಕಾಗದಕ್ಕೂ ನಡುವೆ ಇದ್ದದ್ದು ‘ಒಮ್ಮೆ ತೋರಿಸೋಣ’ ಎಂಬ ಒಂದು ಮಾತು ಮಾತ್ರ ಎಂಬುದನ್ನು ಮರೆಯಬೇಡ.

ಇನ್ನು, ಎಲ್ಲಿಂದ ಶುರು ಮಾಡಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ನಮ್ಮಂಥವರಿಗೇ. ಎಲ್ಲವನ್ನೂ ಕೂಡಿಡಲು ಹೊರಟರೆ ಯಾವುದೂ ಪೂರ್ಣವಾಗುವುದಿಲ್ಲ. ಒಂದು ಎಳೆ ಹಿಡಿ. ಮೊದಲ ಪ್ರೋಗ್ರಾಮಿಂಗ್ ಪುಸ್ತಕಗಳೋ, ಲೆಕ್ಕದ ಕೋಷ್ಟಕಗಳೋ, ಸಾಮಾನ್ಯ ಓದುಗರಿಗೆಂದು ಬರೆದ ಪುಸ್ತಕಗಳೋ, ಭಾರತದ ಮೊದಲ ಯಂತ್ರಗಳೋ, ಯಾವುದಾದರೂ ಒಂದು.

ನನ್ನನ್ನು ಕೇಳಿದರೆ ಮೊದಲ ಪುಸ್ತಕವಾಗಿ ಬಿ. ವಿ. ಬೌಡನ್ ಸಂಪಾದಿಸಿದ ‘ಫಾಸ್ಟರ್ ದ್ಯಾನ್ ಥಾಟ್’ ತೆಗೆದುಕೋ ಎನ್ನುತ್ತೇನೆ. ಲಂಡನ್ನಿನ ಪಿಟ್‌ಮನ್ 1953ರಲ್ಲಿ ಪ್ರಕಟಿಸಿದ್ದು. ಹಲವು ಬಾರಿ ಮರುಮುದ್ರಣವಾದ್ದರಿಂದ ಪ್ರತಿಗಳು ಈಗಲೂ ಸಿಗುತ್ತವೆ, ಬೆಲೆಯೂ ಕೈಗೆಟುಕುತ್ತದೆ. ಒಳಗೆ ಇರುವುದನ್ನು ನೋಡು: ಬ್ರಿಟನ್ನಿನ ಆಗಿನ ಯಂತ್ರಗಳ ವಿವರವನ್ನು ಅವನ್ನು ಕಟ್ಟಿದವರೇ ಬರೆದಿದ್ದಾರೆ. ಯಂತ್ರದಿಂದ ಚದುರಂಗ ಆಡಿಸುವುದರ ಬಗ್ಗೆ ಟ್ಯೂರಿಂಗ್ ಬರೆದದ್ದು ಇದೆ. ಮರುವರ್ಷವೇ ಅವನು ತೀರಿಕೊಂಡ. ಕೊನೆಯಲ್ಲಿ ಅನುಬಂಧವಾಗಿ ಏಡಾಳ ಟಿಪ್ಪಣಿಗಳನ್ನು ಮತ್ತೆ ಅಚ್ಚು ಹಾಕಿದ್ದಾರೆ. ಮರೆತುಹೋಗಿದ್ದ ಆಕೆಯನ್ನು ಇಪ್ಪತ್ತನೆಯ ಶತಮಾನದ ಓದುಗರಿಗೆ ಮತ್ತೆ ಪರಿಚಯಿಸಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ ಮುದ್ರಣದ ವರ್ಷಗಳನ್ನು ಓದು. 1953 ಮಾತ್ರ ಇದ್ದರೆ ಒಂದು ಬೆಲೆ, ಕೆಳಗೆ ಮರುಮುದ್ರಣಗಳ ಸಾಲಿದ್ದರೆ ಇನ್ನೊಂದು. ಓದುವುದಕ್ಕೆ ಎರಡೂ ಸಮ. ಮೊದಲು ಮರುಮುದ್ರಣ ಕೊಂಡು ಓದು. ಮೊದಲ ಮುದ್ರಣ ತಾನಾಗಿ ಎದುರಾದ ದಿನ ನೀನು ಅದನ್ನು ಗುರುತಿಸುವೆ.

ಇದೇ ಸಾಲಿನಲ್ಲಿ ಎಡ್ಮಂಡ್ ಬರ್ಕ್ಲಿಯ ‘ಜಯಂಟ್ ಬ್ರೇನ್ಸ್’ ಇದೆ, 1949ರದು. ವಿಲ್ಕ್ಸ್, ವೀಲರ್, ಗಿಲ್ ಮೂವರೂ ಸೇರಿ ಎಡ್ಸ್ಯಾಕ್‌ಗಾಗಿ ಬರೆದ 1951ರ ಪುಸ್ತಕ ಪ್ರೋಗ್ರಾಮಿಂಗ್ ಕುರಿತ ಮೊದಲ ಪಠ್ಯ. ಒಮ್ಮೆ ಬರೆದ ತುಣುಕನ್ನು ಮತ್ತೆ ಮತ್ತೆ ಬಳಸುವ ಸಬ್‌ರುಟೀನ್ ಸಂಗ್ರಹದ ಪದ್ಧತಿ ಅದರಿಂದಲೇ ಲೋಕಕ್ಕೆ ಹರಡಿತು. ನೀನು ದಿನಾ ಲೈಬ್ರರಿ ಕರೆದು ಕೆಲಸ ಮಾಡುತ್ತೀಯಲ್ಲ, ಅದರ ಮೂಲಪುರುಷರು ಇವರು.

ಕೊಳ್ಳುವಾಗ ಆತುರ ಬೇಡ. ಹೊರಹೊದಿಕೆ ಇದೆಯೇ, ಅದು ಅದೇ ಮುದ್ರಣಕ್ಕೆ ಸೇರಿದ್ದೇ ಎಂದು ಕೇಳು. ಇಪ್ಪತ್ತನೆಯ ಶತಮಾನದ ಪುಸ್ತಕಗಳ ಬೆಲೆಯಲ್ಲಿ ದೊಡ್ಡ ಪಾಲು ಆ ಕಾಗದದ ಹೊದಿಕೆಯದು. ಬಿಡಿಪ್ರತಿ ಎಂದು ಹೇಳಿ ಪತ್ರಿಕೆಯಿಂದ ಹರಿದ ಪುಟಗಳನ್ನು ಮಾರುವವರಿದ್ದಾರೆ. ನಿಜವಾದ ಬಿಡಿಪ್ರತಿಗೆ ಸಾಮಾನ್ಯವಾಗಿ ತನ್ನದೇ ಹೊದಿಕೆ ಇರುತ್ತದೆ. ಹರಿದದ್ದರಲ್ಲಿ ಹಿಂದಿನ ಲೇಖನದ ಬಾಲವೋ ಮುಂದಿನದರ ತಲೆಯೋ ಕಾಣುತ್ತದೆ. ಕ್ಲಾಡ್ ಶ್ಯಾನನ್‌ನ ಮಾಹಿತಿ ಸಿದ್ಧಾಂತ 1948ರ ಜುಲೈ ಮತ್ತು ಅಕ್ಟೋಬರ್‌ನ ‘ಬೆಲ್ ಸಿಸ್ಟಂ ಟೆಕ್ನಿಕಲ್ ಜರ್ನಲ್’ ಸಂಚಿಕೆಗಳಲ್ಲಿ ಬಂದದ್ದು. 1949ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಪ್ರೆಸ್ ತಂದ ಪುಸ್ತಕ ಬೇರೆ. ಅದರಲ್ಲಿ ವಾರೆನ್ ವೀವರ್ ಬರೆದ ಭಾಗವೂ ಸೇರಿದೆ. ಮಾರುವವನು ಒಂದರ ಹೆಸರು ಹೇಳಿ ಇನ್ನೊಂದನ್ನು ಕೊಟ್ಟರೆ ಗುರುತಿಸುವುದು ನಿನ್ನ ಹೊಣೆ.

ಗ್ರಂಥಾಲಯದ ಮೊಹರು ಇದ್ದರೆ ಅದನ್ನು ವಿಲೇವಾರಿ ಮಾಡಿದ ಗುರುತೂ ಇದೆಯೇ ನೋಡು. ಇಲ್ಲವಾದರೆ ಆ ಗ್ರಂಥಾಲಯವನ್ನೇ ಕೇಳು. ಕದ್ದ ಪುಸ್ತಕ ಎಷ್ಟೇ ಅಪರೂಪವಾಗಿದ್ದರೂ ನಿನ್ನ ಕಪಾಟಿಗೆ ಬರಬಾರದು. ಸಾರ್ವಜನಿಕರ ಒಂದು ಪ್ರತಿ ಮಾಯವಾದರೆ ನೂರಾರು ಮಕ್ಕಳ ಓದು ಮಾಯವಾದಂತೆ. ಹಾಗೆಯೇ, ಬೆಲೆ ಏರುತ್ತದೆಂದು ಹೂಡಿಕೆಗಾಗಿ ಕೊಳ್ಳಬೇಡ. ಓದದ ಪುಸ್ತಕದ ಬೆಲೆ ಇಳಿದರೆ ದುಃಖ, ಏರಿದರೆ ಮಾರುವ ಚಡಪಡಿಕೆ. ಎರಡರಲ್ಲೂ ನೆಮ್ಮದಿ ಇಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಮಾತು. ಇಂಗ್ಲೆಂಡ್, ಅಮೆರಿಕದ ಕಾಗದ ಕಾಯಲು ಅಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿವೆ. ನಮ್ಮ ನೆಲದ ಕಾಗದವನ್ನು ನೀನು ಕಾಯಬೇಕು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ತರಿಸಿದ ಎಚ್‌ಇಸಿ-2ಎಂ ಯಂತ್ರ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮುಂದಾಳತ್ವದ ತಂಡ ಯಂತ್ರವನ್ನು ತಾನೇ ಕಟ್ಟಿತು. 1960ರಲ್ಲಿ ಅದು ಕೆಲಸಕ್ಕೆ ನಿಂತಿತು, 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. 1963ರಲ್ಲಿ ಕಾನ್ಪುರ ಐಐಟಿಗೆ ಐಬಿಎಂ 1620 ಬಂತು. ಅಲ್ಲಿ ಕಲಿಸಿದ ವಿ. ರಾಜಾರಾಮನ್ ಅವರು ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯಲ್ಲಿ ಫೋರ್ಟ್ರಾನ್ ಪುಸ್ತಕ ತಂದರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಒಂದು ಇಡೀ ತಲೆಮಾರು ಪ್ರೋಗ್ರಾಂ ಬರೆಯಲು ಕಲಿತದ್ದು ಅವರ ಪುಸ್ತಕಗಳಿಂದ. ಪ್ರೆಂಟಿಸ್-ಹಾಲ್ ಆಫ್ ಇಂಡಿಯಾದ ಆ ಅಗ್ಗದ ಆವೃತ್ತಿಗಳನ್ನು ಪರದೇಶದ ಸಂಗ್ರಾಹಕರು ಎರಡನೇ ದರ್ಜೆ ಎಂದು ಬದಿಗಿಡಬಹುದು. ನಮ್ಮ ಪಾಲಿಗೆ ಅವೇ ಮೂಲ ಆಕರ. ಅಂಚಿನಲ್ಲಿ ಯಾರೋ ವಿದ್ಯಾರ್ಥಿ ಪೆನ್ಸಿಲಿನಲ್ಲಿ ಮಾಡಿದ ಲೆಕ್ಕವಿದ್ದರೆ ಅಳಿಸಬೇಡ. ಈ ನಾಡು ಕಂಪ್ಯೂಟರ್ ಕಲಿತ ಬಗೆಗೆ ಅದೇ ಸಾಕ್ಷಿ.

ಫೋಟೋಕಾಪಿ ಎಂದು ಮೂಗು ಮುರಿಯಬೇಡ. ಆಸ್ಟ್ರೇಲಿಯದ ಜಾನ್ ಲಯನ್ಸ್ 1970ರ ದಶಕದಲ್ಲಿ ಯೂನಿಕ್ಸ್ ಆರನೇ ಆವೃತ್ತಿಗೆ ಬರೆದ ವ್ಯಾಖ್ಯಾನ ಪುಸ್ತಕವಾಗಿ ಬಹಿರಂಗವಾಗಿ ಪ್ರಕಟವಾದದ್ದು 1996ರಲ್ಲಿ. ನಡುವಿನ ವರ್ಷಗಳಲ್ಲಿ ಅದು ಬದುಕಿದ್ದು ಫೋಟೋಕಾಪಿಯ ಫೋಟೋಕಾಪಿಯಾಗಿಯೇ. ಕನ್ನಡವನ್ನು ಕಂಪ್ಯೂಟರಿಗೆ ತಂದವರ ಚರಿತ್ರೆಯೂ ಇಂಥದೇ ಕಾಗದಗಳಲ್ಲಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ನಮ್ಮಲ್ಲಿ ಹಲವರು ಇಂದು ಟೈಪ್ ಮಾಡುತ್ತಾರೆ. ಆದರೆ ಆ ಕಾಲದ ಕನ್ನಡ ತಂತ್ರಾಂಶಗಳ ಕೈಪಿಡಿ, ಅಕ್ಷರ ಮಾದರಿಯ ಹಾಳೆ, ಕರಪತ್ರಗಳನ್ನು ಎಷ್ಟು ಮನೆಗಳಲ್ಲಿ ಇಟ್ಟಿದ್ದಾರೆ? ಇಂದು ಅವಕ್ಕೆ ಬೆಲೆ ಕಟ್ಟುವವರಿಲ್ಲ. ಕೂಡಿಡಲು ಇದೇ ಸರಿಯಾದ ಹೊತ್ತು.

ಕೂಡಿಟ್ಟದ್ದನ್ನು ಕಾಪಾಡುವುದು ಅದಕ್ಕಿಂತ ದೊಡ್ಡ ಕೆಲಸ. ನಮ್ಮ ಹವೆಯಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯ ಮಳೆಗಾಲದಲ್ಲಿ, ಕಾಗದದ ಶತ್ರುಗಳು ಮೂರು: ತೇವ, ಗೆದ್ದಲು, ನಮ್ಮದೇ ಅತಿ ಕಾಳಜಿ. ಕಪಾಟನ್ನು ಗೋಡೆಗೆ ಒತ್ತಿ ಇಡಬೇಡ, ಹಿಂದೆ ಗಾಳಿಯಾಡಲಿ. ಹೊಸದಾಗಿ ತಂದ ಪುಸ್ತಕವನ್ನು ಕೆಲವು ದಿನ ಬೇರೆ ಇಟ್ಟು, ಹುಳ ಇಲ್ಲವೆಂದು ಖಾತ್ರಿಯಾದ ಮೇಲೆ ಉಳಿದವುಗಳ ಜೊತೆ ಸೇರಿಸು. ಸೈಕ್ಲೋಸ್ಟೈಲ್ ವರದಿಗಳ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ನಿಧಾನವಾಗಿ ಬಿಡಿಸಿ ತೆಗೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡ, ಲ್ಯಾಮಿನೇಷನ್ ಮಾಡಿಸಬೇಡ, ಹೊಸ ರಟ್ಟು ಕಟ್ಟಿಸುವ ಆಸೆಗೆ ಬೀಳಬೇಡ. ಹೆಸರು ಬರೆಯಲೇಬೇಕಿದ್ದರೆ ಪೆನ್ಸಿಲ್ ಸಾಕು.

ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಬರೆ: ಎಲ್ಲಿ ಸಿಕ್ಕಿತು, ಯಾರ ಬಳಿ ಇತ್ತು, ಎಷ್ಟು ಕೊಟ್ಟೆ, ಯಾವ ಪುಟ ಇಲ್ಲ, ನನಗೆ ಇದು ಏಕೆ ಮುಖ್ಯ. ಅಮೆರಿಕದ ಉದ್ಯಮಿ ಅರ್ವಿನ್ ಟೊಮಾಶ್ ಈ ವಿಷಯದ ಬಹು ದೊಡ್ಡ ಖಾಸಗಿ ಸಂಗ್ರಹ ಕಟ್ಟಿದವರು. ಈಗ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿರುವ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟನ್ನು ಹುಟ್ಟುಹಾಕಿದವರೂ ಅವರೇ. 2018ರಲ್ಲಿ ಅವರ ಪುಸ್ತಕಗಳು ಲಂಡನ್ನಿನಲ್ಲಿ ಹರಾಜಾಗಿ ಚೆದುರಿಹೋದವು. ಆದರೆ ಚರಿತ್ರೆಕಾರ ಮೈಕೆಲ್ ವಿಲಿಯಮ್ಸ್ ಜೊತೆ ಸೇರಿ ಮಾಡಿದ ವಿವರವಾದ ಪಟ್ಟಿ ಉಳಿದಿದೆ. ಇಂದಿಗೂ ಸಂಶೋಧಕರು ಅದನ್ನು ತೆರೆಯುತ್ತಾರೆ. ಪುಸ್ತಕಗಳು ಕೈಬದಲಾಗುತ್ತವೆ, ಸರಿಯಾಗಿ ಬರೆದಿಟ್ಟ ತಿಳಿವಳಿಕೆ ಎಲ್ಲರಿಗೂ ದಕ್ಕುತ್ತದೆ. ನಿನ್ನ ಪಟ್ಟಿಯನ್ನು ಕನ್ನಡದಲ್ಲೂ ಬರೆ. ವಿದ್ಯಾರ್ಥಿ ಯಾರಾದರೂ ನೋಡಬೇಕೆಂದು ಬಂದರೆ ಬಾಗಿಲು ತೆರೆ. ನಿನ್ನ ನಂತರ ಇವು ಎಲ್ಲಿಗೆ ಸೇರಬೇಕೆಂದು ಈಗಲೇ ಮನೆಯವರಿಗೆ ಹೇಳಿಡು.

ಕೊನೆಯದಾಗಿ ಎರಡು ಕೆಲಸ ಒಪ್ಪಿಸುತ್ತೇನೆ. ಮುಂದಿನ ಸಂಬಳದಲ್ಲಿ ಗೋಲ್ಡ್‌ಸ್ಟೈನ್ ಪುಸ್ತಕದ ಸಾಧಾರಣ ಪ್ರತಿಯೊಂದನ್ನು ಕೊಂಡು ಕೈಯಲ್ಲಿ ಪೆನ್ಸಿಲ್ ಹಿಡಿದು ಓದು. ಆಮೇಲೆ, ನಿನ್ನ ಕಚೇರಿಯಲ್ಲೋ ಓದಿದ ಕಾಲೇಜಿನಲ್ಲೋ ಹಳೆಯ ಬೀರು ಖಾಲಿ ಮಾಡುವ ಸುದ್ದಿ ಬಂದ ದಿನ ರಜೆ ಹಾಕಿಯಾದರೂ ಅಲ್ಲಿರು. ರದ್ದಿಯವನು ಬರುವ ಮುಂಚೆ ಹೋಗು, ಸಂಬಂಧಪಟ್ಟವರ ಅಪ್ಪಣೆ ಕೇಳು, ಒಂದೊಂದೇ ಕೈಪಿಡಿ ತೆರೆದು ನೋಡು. ಅಷ್ಟು ಹೊತ್ತಿಗೆ ಯಾವುದನ್ನು ಉಳಿಸಬೇಕೆಂದು ನಿನಗೆ ಗೊತ್ತಿರುತ್ತದೆ.